ಎಚ್‌ಪಿವಿ 16 ಪಾಸಿಟಿವ್ ಬಂದವರು ವೈರಸ್‌ನ ಉಪತಳಿಯನ್ನೂ ಪತ್ತೆ ಮಾಡಿಸಬೇಕೇ?

ಅಕ್ಕನಿಗೆ ಎಚ್‌ಪಿವಿ 16 (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್‌ನ ಒಂದು ಬಗೆ) ಪಾಸಿಟಿವ್ ಬಂದಿದೆ, ಈ ವೈರಸ್‌ನಲ್ಲಿ ದೇಶಕ್ಕೊಂದು ಉಪತಳಿ ಇದೆಯಂತೆ, ನಮ್ಮವರಲ್ಲಿ ಕಾಣುವುದು ಹೆಚ್ಚು ಅಪಾಯಕಾರಿಯೇ, ಅದಕ್ಕೂ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎಚ್‌ಪಿವಿ ಪರೀಕ್ಷೆ ನಡೆಸುವವಳು ನಾನು. ಉಪತಳಿಯ ಪರೀಕ್ಷೆ ಬೇಡ. ಆದರೆ ನೀವು ಕೇಳಿರುವ ವ್ಯತ್ಯಾಸ ನಿಜವಾದದ್ದೇ.

ಎಚ್‌ಪಿವಿ 16ರ ಡಿಎನ್ಎ ಸುಮಾರು 8,000 ಅಕ್ಷರಗಳಷ್ಟು ಉದ್ದ. ಅದರಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ಕವಲುಗಳಿವೆ. ಎ ಯುರೋಪಿನಲ್ಲೂ ಏಷ್ಯಾದಲ್ಲೂ ಹೆಚ್ಚು, ಬಿ ಮತ್ತು ಸಿ ಆಫ್ರಿಕಾದಲ್ಲಿ, ಡಿ ಅಮೆರಿಕ ಖಂಡಗಳಲ್ಲಿ. ಮನುಷ್ಯರು ವಲಸೆ ಹೋದ ದಾರಿಯಲ್ಲೇ ವೈರಸ್ಸೂ ಕವಲೊಡೆದಿದೆ. ಎ ಕವಲು ನಿಯಾಂಡರ್ತಾಲರಿಂದ ನಮಗೆ ದಾಟಿರಬಹುದು ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಈ ಕವಲುಗಳೊಳಗೆ ಮತ್ತೆ ಉಪತಳಿಗಳಿವೆ. ಡಿ2, ಡಿ3 ಮತ್ತು ಪೂರ್ವ ಏಷ್ಯಾದ ಎ4 ಉಪತಳಿಗಳಿಗೆ ಕ್ಯಾನ್ಸರ್‌ನ ನಂಟು ಹೆಚ್ಚು ಬಲವಾಗಿ ಕಂಡಿದೆ. ಅದರಲ್ಲೂ ಡಿ ಕವಲು ಗ್ರಂಥಿಕೋಶಗಳ ಕ್ಯಾನ್ಸರ್‌ಗೆ ಹೆಚ್ಚು ದಾರಿ ಮಾಡುತ್ತದೆ. ಗರ್ಭಕಂಠದ ಒಳನಾಳದಲ್ಲಿ ಬೆಳೆಯುವ ಆ ಬಗೆ, ಗರ್ಭಕಂಠದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆಯ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಭಾರತದಲ್ಲಿ ಹೆಚ್ಚಾಗಿ ಸಿಗುವುದು ಎ ಕವಲು. ಹಾಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ವೈರಸ್‌ನ ಇ6 ಪ್ರೋಟೀನು ನಮ್ಮ ಕೋಶದ ಕಾವಲುಗಾರನಾದ ಪಿ53ಯನ್ನು ನಾಶ ಮಾಡಿಸುತ್ತದೆ, ಇ7 ಪ್ರೋಟೀನು ಕೋಶಗಳ ವಿಭಜನೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುತ್ತದೆ. ಈ ಕೆಲಸವನ್ನು ಎಲ್ಲ ಕವಲುಗಳೂ ಮಾಡುತ್ತವೆ. 5,000ಕ್ಕೂ ಹೆಚ್ಚು ಮಹಿಳೆಯರ ವೈರಸ್‌ಗಳನ್ನು ಓದಿದ 2017ರ ಅಧ್ಯಯನವೊಂದರಲ್ಲಿ, ಕ್ಯಾನ್ಸರ್ ಆದವರಲ್ಲಿ ಇ7 ವಂಶವಾಹಿ ಹೆಚ್ಚುಕಡಿಮೆ ಒಂದಕ್ಷರವೂ ಬದಲಾಗದೆ ಉಳಿದಿತ್ತು. ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ: ರೋಗಕ್ಕೆ ಬೇಕಾದ ಆಯುಧ ಎಲ್ಲ ಕಡೆಯೂ ಒಂದೇ.

ರೋಗ ಹೆಚ್ಚು ಕಡಿಮೆಯಾಗುವುದು ವೈರಸ್ ಬದಲಾಗುವುದರಿಂದಲೇ ಅಲ್ಲ, ಬೆಂಗಳೂರಿನ ಅನುಭವವನ್ನೇ ನೋಡಿ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1980ರ ದಶಕದಿಂದ ಇದೆ. ಆಗ ನಗರದ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು, ಈಗ ಆ ಜಾಗಕ್ಕೆ ಸ್ತನ ಕ್ಯಾನ್ಸರ್ ಬಂದಿದೆ. ಲಸಿಕೆ ವ್ಯಾಪಕವಾಗುವ ಮೊದಲೇ ಆದ ಇಳಿಕೆ ಇದು. ಎಚ್‌ಪಿವಿ ತೀರ ನಿಧಾನವಾಗಿ ಬದಲಾಗುವ ವೈರಸ್, ಇಷ್ಟು ಕಡಿಮೆ ಕಾಲದಲ್ಲಿ ಅದು ಸಾಧುವಾಗಿರಲಾರದು. ಬದಲಾದದ್ದು ಮದುವೆಯ ವಯಸ್ಸು, ಹೆರಿಗೆಗಳ ಸಂಖ್ಯೆ, ಆಸ್ಪತ್ರೆಯ ಸಂಪರ್ಕ. ಆದರೂ 2022ರಲ್ಲಿ ದೇಶದಲ್ಲಿ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ರೋಗ ಬಂದಿದೆ, ಸುಮಾರು 80 ಸಾವಿರ ಮಂದಿ ಸತ್ತಿದ್ದಾರೆ ಎಂಬ ಅಂದಾಜಿದೆ. ತಡೆಯಬಹುದಾದ ಸಾವುಗಳಿವು ಎನ್ನುವಾಗ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿಗೆ ಬರುವುದು ದ್ರವ ತುಂಬಿದ ಒಂದು ಪುಟ್ಟ ಸೀಸೆ, ಅದರಲ್ಲಿ ಬ್ರಷ್‌ನಿಂದ ತೆಗೆದ ಕೋಶಗಳು. ವರದಿಯಲ್ಲಿ ಸಾಮಾನ್ಯವಾಗಿ ಮೂರು ಸಾಲು: 16, 18, ಮತ್ತು ಒಟ್ಟಾಗಿ ಹನ್ನೆರಡು ಇತರ ಅಪಾಯಕಾರಿ ಬಗೆಗಳು. ಉಪತಳಿಗೆ ಸಾಲೇ ಇಲ್ಲ, ಏಕೆಂದರೆ ಅದು ತಿಳಿದರೂ ವೈದ್ಯರು ಮಾಡುವ ಚಿಕಿತ್ಸೆ ಬದಲಾಗುವುದಿಲ್ಲ. ಲಸಿಕೆಗೂ ಕವಲಿನ ಹಂಗಿಲ್ಲ, 16ರ ಎಲ್ಲ ಉಪತಳಿಗಳ ಮೇಲೂ ಅದು ಕೆಲಸ ಮಾಡುತ್ತದೆ.

16 ಬಂದಿದೆ ಎಂದರೆ ಕ್ಯಾನ್ಸರ್ ಇದೆ ಎಂದಲ್ಲ. ಹೆಚ್ಚಿನ ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವೇ ಹೋಗುತ್ತವೆ, ಉಳಿದುಕೊಂಡದ್ದೇ ಅಪಾಯ. ಅಕ್ಕನನ್ನು ಸ್ತ್ರೀರೋಗ ತಜ್ಞರ ಬಳಿಗೆ ಕರೆದುಕೊಂಡು ಹೋಗಿ, ಕಾಲ್ಪೋಸ್ಕೋಪಿ (ಗರ್ಭಕಂಠವನ್ನು ಹಿಗ್ಗಿಸಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಬಗ್ಗೆ ಕೇಳಿ, ಅಲ್ಲಿ ಬದಲಾವಣೆ ಕಂಡರೆ ಕ್ಯಾನ್ಸರ್ ಆಗುವ ಮೊದಲೇ ಆ ಭಾಗವನ್ನು ತೆಗೆಯಬಹುದು. ಅವರಿಗೆ 9ರಿಂದ 14 ವಯಸ್ಸಿನ ಮಗಳಿದ್ದರೆ ಲಸಿಕೆಯ ವಿಚಾರವನ್ನೂ ಅದೇ ಭೇಟಿಯಲ್ಲಿ ಎತ್ತಿ.