ರಿವಾಲ್ವರೂ ಬೇಡ, ಪಿಸ್ತೂಲೂ ಬೇಡ

ಚಿಂಚೋಳಿ ತಾಲ್ಲೂಕಿನ ಕಾಡಂಚಿನ ರೈತರೊಬ್ಬರ ಪತ್ರ: "ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಕಬ್ಬಿಗೆ ನೀರು ಬಿಡ್ಲಾಕ ಹೋಗ್ತೀನಿ. ಕಾಡಹಂದಿ ಎರಡು ಸಲ ಮೈಮ್ಯಾಲೆ ಬಂದಾವ. ಸೊಂಟಕ್ಕ ಇಟ್ಕೊಳ್ಲಾಕ ರಿವಾಲ್ವರ್ ಛಲೋ ಏನ್ ಪಿಸ್ತೂಲ್ ಛಲೋ, ತಿಳಸ್ರಿ."

ಸಂಪಾದಕರ ಉತ್ತರ:

ನಿಮ್ಮ ಅಂಜಿಕೆ ಸುಳ್ಳಲ್ಲ. ಆದರೂ ಎರಡೂ ಬೇಡ ಎನ್ನುತ್ತೇನೆ.

ಅಮೆರಿಕದಲ್ಲಿ ಕರಡಿ ಇರುವ ಕಾಡಿಗೆ ಹೋಗುವವರು .44 ಮ್ಯಾಗ್ನಮ್ ಎಂಬ ಭಾರಿ ಗುಂಡಿನ ರಿವಾಲ್ವರ್ ಒಯ್ಯುವುದುಂಟು. ನಮ್ಮಲ್ಲಿ 9 ಎಂ.ಎಂ. ಕೂಡ ನಿಷೇಧಿತ ಬೋರು (ಬೋರು ಎಂದರೆ ನಳಿಗೆಯ ಒಳ ಅಳತೆ). ಲೈಸೆನ್ಸ್ ಇದ್ದವರಿಗೆ ಸಾಮಾನ್ಯವಾಗಿ ಸಿಗುವುದು .32. ಅದರ ಗುಂಡಿಗೆ .44 ಮ್ಯಾಗ್ನಮ್‌ನ ಐದನೇ ಒಂದು ಪಾಲು ಶಕ್ತಿಯೂ ಇಲ್ಲ.

ಇನ್ನು ಹಂದಿಯನ್ನು ನೋಡಿ. ಬಲಿತ ಗಂಡಿನ ಹೆಗಲ ಚರ್ಮದಡಿ ದಪ್ಪನೆಯ ಗಟ್ಟಿ ಪದರವಿರುತ್ತದೆ. ಗಂಡುಗಳು ಕೋರೆಯಿಂದ ಕಾದಾಡುವಾಗ ಅದೇ ಕವಚ. ತಲೆ ತಗ್ಗಿಸಿ ನುಗ್ಗುವಾಗ ನಿಮಗೆ ಕಾಣುವುದು ಇಳಿಜಾರು ಹಣೆ ಮತ್ತು ಆ ಹೆಗಲು. ಗಂಟೆಗೆ 40 ಕಿ.ಮೀ. ಓಡಬಲ್ಲ ಪ್ರಾಣಿಗೆ 20 ಮೀಟರ್ ದಾಟಲು ಎರಡು ಸೆಕೆಂಡು ಸಾಕು. ಆಗ ನಿಮ್ಮ ಕಾಲು ಕೆಸರಿನಲ್ಲಿ, ಎಡಗೈಯಲ್ಲಿ ಬ್ಯಾಟರಿ, ಬಲಗೈಯಲ್ಲಿ ಗಿಡ್ಡ ನಳಿಗೆಯ ರಿವಾಲ್ವರ್. ಗುರಿ ತಪ್ಪಿದರೆ ಬದುವಿನಾಚೆ ನೀರು ಹಾಯಿಸುತ್ತಿರುವ ನೆರೆಹೊಲದವನಿಗೆ ತಗುಲೀತು. ಅರೆಬರೆ ತಗುಲಿದರೆ ಗಾಯಗೊಂಡ ಹಂದಿ ಕಬ್ಬಿನೊಳಗೆ ಹೊಕ್ಕು ಕೂರುತ್ತದೆ. ಬೆಳಿಗ್ಗೆ ಅದೇ ಕಬ್ಬಿಗೆ ಮನೆಯ ಹೆಣ್ಣುಮಕ್ಕಳು ಮೇವಿಗೆ ಹೋಗುತ್ತಾರೆ. ನನಗೆ ಹೆಚ್ಚು ದಿಗಿಲು ಇದರದೇ.

ಕಾನೂನನ್ನೂ ತಿಳಿದಿರಿ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಕಾಯ್ದೆಯ ಕಲಂ 34ರಂತೆ ಧಾಮದ 10 ಕಿ.ಮೀ. ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ಜೀವ ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ ಕಲಂ 11ರ ಪ್ರಕಾರ ಅಪರಾಧವಲ್ಲ, ನಿಜ. ಆದರೆ ಆ ಹೊತ್ತಿಗೆ ನೀವೇ ಕಾಯ್ದೆ ಮುರಿಯುತ್ತಿದ್ದರೆ, ಅಂದರೆ ಅನುಮತಿ ಇಲ್ಲದೆ ಆಯುಧ ಹಿಡಿದು ಧಾಮದೊಳಗೆ ಹೋಗಿದ್ದರೆ, ಆ ರಕ್ಷಣೆ ಇಲ್ಲ. ಸತ್ತ ಹಂದಿ ಸರ್ಕಾರದ ಸ್ವತ್ತು; ಊರಲ್ಲಿ ಪಾಲು ಹಂಚಿದರೆ ಕೇಸು ಬೀಳುತ್ತದೆ.

ಬೆಳೆ ಕಾಯಲೇ ಬಂದೂಕು ಬೇಕೆಂದರೆ 1959ರ ಆಯುಧ ಕಾಯ್ದೆ ಮೊದಲು ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕನ್ನು. ಅದು ಸಾಲದೆಂದು ಲೈಸೆನ್ಸ್ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಹಿಂದಿನಿಂದ ತೋಟಾ ತುಂಬುವ 12 ಬೋರಿನಂಥ ಬಂದೂಕಿಗೂ ಕೊಡಬಹುದು. ಹಂದಿಯ ಮುಂದೆ ಅದು ರಿವಾಲ್ವರಿಗಿಂತ ಎಷ್ಟೋ ಮೇಲು, ಆದರೆ ಹೊಡೆದು ರೂಢಿಯಿದ್ದವರ ಕೈಯಲ್ಲಿ ಮಾತ್ರ.

ಅಲ್ಲಿಯವರೆಗೆ ಒಬ್ಬರೇ ಹೋಗಬೇಡಿ. ತಲೆಗೆ ಕಟ್ಟುವ ಜೋರು ಬ್ಯಾಟರಿ ಕೊಳ್ಳಿ, ಬದುವಿನ ಮೇಲೇ ನಡೆಯಿರಿ, ದೂರದಿಂದಲೇ ಗಟ್ಟಿಯಾಗಿ ಮಾತಾಡುತ್ತಾ ಹೋಗಿ. ಸದ್ದು ಮೊದಲೇ ಕೇಳಿದರೆ ಹಂದಿ ಸಾಮಾನ್ಯವಾಗಿ ಸರಿದುಹೋಗುತ್ತದೆ; ಥಟ್ಟನೆ ಎದುರಾದಾಗ, ಮರಿ ಜೊತೆಗಿದ್ದಾಗಲೇ ಅಪಾಯ. ಪಂಪಿನ ಹತ್ತಿರ ಆಳೆತ್ತರದ ಅಟ್ಟ ಕಟ್ಟಿಸಿ, ಹಂದಿ ಅದನ್ನು ಹತ್ತಲಾರದು. ಬೇಲಿಗೆ ಮಾತ್ರ ದಯವಿಟ್ಟು ಲೈನಿನ ಕರೆಂಟ್ ಕೊಡಬೇಡಿ, ಅದು ಮನುಷ್ಯರನ್ನೇ ಕೊಲ್ಲುತ್ತದೆ.

ಮೂಲ ತೊಂದರೆ ಇರುವುದು ರಾತ್ರಿ ಪಾಳಿಯ ಕರೆಂಟಿನಲ್ಲಿ. ಕಾಡಂಚಿನ ಊರುಗಳಿಗೆ ಹಗಲು ತ್ರೀ ಫೇಸ್ ಕೊಡಿ ಎಂದು ಅರ್ಜಿ ಬರೆದು, ಸುತ್ತಲ ಊರವರ ಸಹಿ ಹಾಕಿಸಿ. ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ.