‘ನಾ ಕೊಡಿಸಿದ ದೀಕ್ಷಾಸ್ನಾನ ಸುಳ್ಳೇನ್ರೀ?’

(ಗುರುತು ಸಿಗದ ಹಾಗೆ ಊರು, ವಯಸ್ಸು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಆ ತಾಯಿ ಆಪ್ತಸಲಹೆಗೆ ನನ್ನ ಹತ್ತಿರ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಉತ್ತರ ಕರ್ನಾಟಕದವರು, 62 ವರ್ಷ. ಗಂಡ ತೀರಿಕೊಂಡು ಹತ್ತು ತಿಂಗಳಾಗಿತ್ತು. ಅದೇ ದುಃಖ ಇರಬೇಕು ಅಂದುಕೊಂಡು ಗಂಡನ ಬಗ್ಗೆ ಕೇಳಿದೆ. ಸಮಾಧಾನವಾಗಿಯೇ ಹೇಳಿದರು. ಕಿರಿಮಗನ ಮಾತು ಬಂದಾಗ ಸೆರಗು ಕಣ್ಣಿಗೆ ಹೋಯಿತು.

ಅವರದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಪ್ರಚಾರ ಸಂಸ್ಥೆ) ಕಾಲದಿಂದ ಬಂದ ಕ್ರೈಸ್ತ ಮನೆತನ, ಈಗ ಸಿಎಸ್‌ಐ ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ಹಿರಿಮಗ ಸಭೆಯ ಸಮಿತಿಯಲ್ಲಿದ್ದಾರೆ. ಎರಡು ವರ್ಷದ ಹಿಂದೆ ಕಿರಿಮಗನ ಹೆಂಡತಿಗೆ ಕಾಯಿಲೆಯಾಯಿತು. ಆಗ ಪೆಂಟೆಕೋಸ್ಟಲ್ ಅನ್ನುವ ಇನ್ನೊಂದು ಕ್ರೈಸ್ತ ಪಂಗಡದ ಸಭೆಯೊಂದರ ಕೆಲವರು ದಿನಾ ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಗಂಡ ಹೆಂಡತಿ ಇಬ್ಬರೂ ಆ ಸಭೆಗೆ ಸೇರಿದರು. ದೀಕ್ಷಾಸ್ನಾನ (ಬ್ಯಾಪ್ಟಿಸಂ, ಕ್ರೈಸ್ತ ಸಭೆಗೆ ಸೇರಿಸುವ ನೀರಿನ ವಿಧಿ) ಕೂಸಿಗೆ ಕೊಟ್ಟರೆ ಆ ಸಭೆ ಒಪ್ಪುವುದಿಲ್ಲ, ತಿಳಿದು ನಂಬಿದವರೇ ತಗೊಳ್ಳಬೇಕು ಅನ್ನುತ್ತದೆ. ಹಾಗಾಗಿ ನೀರಿನಲ್ಲಿ ಮುಳುಗಿ ಇನ್ನೊಮ್ಮೆ ದೀಕ್ಷಾಸ್ನಾನ ತಗೊಂಡರು.

"ಮೂರು ತಿಂಗಳ ಕೂಸು ಇದ್ದ ಅಂವ. ಮೈಯಾಗ ಜ್ವರ. ಎತ್ಕೊಂಡು ಹೋಗಿ ದೀಕ್ಷಾಸ್ನಾನ ಕೊಡಿಸೀನಿ. ಅದು ಸುಳ್ಳೇನ್ರೀ?"

ಇನ್ನೊಂದು ನೋವೂ ಇತ್ತು. ಹೊಸ ಸಭೆಯಲ್ಲಿ ಒಡವೆ ಹಾಕುವುದಿಲ್ಲ. ಮದುವೆಯಲ್ಲಿ ಇವರು ತಮ್ಮ ಕೈಯಿಂದಲೇ ಬಿಚ್ಚಿ ಸೊಸೆಗೆ ಹಾಕಿದ ಬಳೆ, ಒಂದು ದಿನ ಕರವಸ್ತ್ರದಲ್ಲಿ ಸುತ್ತಿ ವಾಪಸ್ ಬಂತು. ಸೊಸೆ ವಿಧೇಯತೆ ಅಂತ ಮಾಡಿದ್ದಳು. ಅತ್ತೆಗೆ ಸಂಬಂಧವನ್ನೇ ವಾಪಸ್ ಕೊಟ್ಟ ಹಾಗಾಯಿತು. ದೀಕ್ಷಾಸ್ನಾನದ ಜಗಳದ ಕೆಳಗೆ ಈ ಬಳೆ ಇತ್ತು. ಅದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಎರಡನೇ ಸಲ ಅಣ್ಣತಮ್ಮ ಇಬ್ಬರನ್ನೂ ಕರೆಸಿದೆ. ಇಲ್ಲಿ ನನ್ನದೊಂದು ತಪ್ಪಾಯಿತು. ಅವರ ವಾದವನ್ನು ತಡೆಯಲೇ ಇಲ್ಲ. ‘ಒಂದೇ ದೀಕ್ಷಾಸ್ನಾನ’ ಅಂತ ಅಣ್ಣ ಎಫೆಸದ ಪತ್ರಿಕೆ ತೆರೆದರು. ನಂಬಿ ದೀಕ್ಷಾಸ್ನಾನ ತಗೊಂಡವನಿಗೆ ರಕ್ಷಣೆ ಅಂತ ತಮ್ಮ ಮಾರ್ಕನ ಸುವಾರ್ತೆ ತೆರೆದರು. ನಲವತ್ತು ನಿಮಿಷ ವಚನಕ್ಕೆ ವಚನ. ನಡುವೆ ಕೂತ ತಾಯಿಯನ್ನು ಇಬ್ಬರೂ ನೋಡಲಿಲ್ಲ.

ಆಮೇಲೆ ಒಬ್ಬೊಬ್ಬರನ್ನೇ ಕರೆದೆ. ಹಿರಿಮಗನಿಗೆ ಸಿಎಸ್‌ಐ ಸಭೆ ಅಂದರೆ ತುಂಬಾ ಪ್ರೀತಿ. ಆ ಪ್ರೀತಿಯಿಂದಲೇ ಮಾತು ಶುರುಮಾಡಿದೆ. ಬಾಸೆಲ್ ಮಿಷನ್ ಶುರುವಾದದ್ದು 1815ರಲ್ಲಿ. ಪ್ರೊಟೆಸ್ಟಂಟರ ಎರಡು ಬೇರೆ ಪಂಗಡಗಳಾದ ಲೂಥರನ್ ಸಭೆಯವರೂ ರಿಫಾರ್ಮ್ಡ್ ಸಭೆಯವರೂ ಅದರಲ್ಲಿ ಜೊತೆಗೆ ದುಡಿದರು. ದಕ್ಷಿಣ ಭಾರತದ ಸಭೆಗಳನ್ನು ಒಂದು ಮಾಡುವ ಮಾತು 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಶುರುವಾಯಿತು. ಬಿಷಪ್ ಬೇಕು ಅನ್ನುವವರು, ಬೇಡ ಅನ್ನುವವರು ಎಲ್ಲರೂ ಅದರಲ್ಲಿದ್ದರು. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. "28 ವರ್ಷ ಕೂತು ಮಾತಾಡಿದ್ದಾರೆ. ನೀವು ತಮ್ಮನ ಜೊತೆ ಎಷ್ಟು ದಿನ ಕೂತಿದ್ದೀರಿ?" ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಒಂದ್ ದಿನಾನೂ ಇಲ್ರೀ" ಅಂದರು.

ಕಿರಿಯರಿಗೆ ಇದ್ದದ್ದು ಬೇರೆ ಭಯ. ತಂದೆಯ ವರ್ಷದ ಪ್ರಾರ್ಥನೆ ಹತ್ತಿರ ಬಂದಿತ್ತು. ಸತ್ತವರಿಗಾಗಿ ಪ್ರಾರ್ಥಿಸಲು ಅವರ ಮನಸ್ಸಾಕ್ಷಿ ಒಪ್ಪುತ್ತಿರಲಿಲ್ಲ. ಅಣ್ಣನನ್ನು ಕೇಳಿದ್ದೀರಾ ಅಂದೆ. ಕೇಳಿರಲಿಲ್ಲ. ಕೇಳಿದಾಗ ಅಣ್ಣ ಹೇಳಿದ್ದು ಇಷ್ಟೇ: "ಅಪ್ಪನ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳ್ತೀವಿ, ಅಷ್ಟ." ಒಂದೇ ಮನೆಯಲ್ಲಿ ಬೆಳೆದವರು ಇದೊಂದನ್ನು ಕೇಳದೆ ತಿಂಗಳುಗಟ್ಟಲೆ ದೂರ ಇದ್ದರು. ನನಗೆ ನಿಜವಾಗಿಯೂ ಸಂಕಟವಾಯಿತು.

ದೀಕ್ಷಾಸ್ನಾನ ಯಾವುದು ಸರಿ ಅಂತ ನಾನು ತೀರ್ಪು ಕೊಡಲಿಲ್ಲ. ಅದು ನನ್ನ ಕೆಲಸವೂ ಅಲ್ಲ. ಕಿರಿಮಗನಿಗೆ ಹೇಳಿದ್ದು: ನಿಮ್ಮ ನಂಬಿಕೆ ಬಿಡಬೇಡಿ, ಆದರೆ ಆ ಜ್ವರದ ದಿನ ಅವ್ವ ನಿಮ್ಮನ್ನು ಎತ್ತಿಕೊಂಡು ಹೋದದ್ದಕ್ಕೆ ಕೃತಜ್ಞತೆ ಹೇಳಿ, ಬಾಯಲ್ಲಿ ಬರದಿದ್ದರೆ ಬರೆದು ಕೊಡಿ. ಸೊಸೆಗೆ ಹೇಳಿದ್ದು: ಬಳೆ ಹಾಕಿಕೊಳ್ಳಬೇಕಾಗಿಲ್ಲ, ಯಾಕೆ ತೆಗೆದೆ ಅಂತ ಅತ್ತೆಯ ಪಕ್ಕ ಕೂತು ನೀವೇ ಹೇಳಿ. ಅಣ್ಣನಿಗೆ: ಸಮಿತಿಯ ಮಾತು ಸಮಿತಿಯಲ್ಲೇ ಇರಲಿ, ಮನೆಯಲ್ಲಿ ಅಣ್ಣನಾಗಿರಿ. ಮನೆಯ ವಾಟ್ಸಾಪ್ ಗುಂಪಿಗೆ ಬೋಧಕರ ವಿಡಿಯೋ ಹಾಕುವುದನ್ನು ಇಬ್ಬರೂ ಮೂರು ತಿಂಗಳು ನಿಲ್ಲಿಸಲು ಒಪ್ಪಿದರು. ಇದು ಸಣ್ಣದು ಅನ್ನಿಸಬಹುದು. ಎಷ್ಟೋ ಮನೆಗಳಲ್ಲಿ ಬೆಳಗಿನ ಜಗಳ ಶುರುವಾಗುವುದೇ ಅಲ್ಲಿಂದ, ಅಲ್ವಾ?

ತಾಯಿಗೆ ಹೇಳಲು ನನ್ನ ಹತ್ತಿರ ಜಾಸ್ತಿ ಏನೂ ಇರಲಿಲ್ಲ. ಬಳೆಯ ನೋವನ್ನು ದೀಕ್ಷಾಸ್ನಾನದ ಹೆಸರಿನಲ್ಲಿ ಹೇಳಬೇಡಿ, ಬಳೆ ಅಂತಲೇ ಹೇಳಿ ಅಂದೆ.

ವರ್ಷದ ಪ್ರಾರ್ಥನೆಗೆ ಕಿರಿಮಗ ಬಂದರು. ಸಮಾಧಿಗೆ ಹೂವು ಇಡಲಿಲ್ಲ, 23ನೇ ಕೀರ್ತನೆ ಓದಿದರು. ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಇಂದಿಗೂ ಅವರವರ ಸಭೆಗೇ ಹೋಗುತ್ತಾರೆ. ಆ ದೂರ ಇನ್ನೂ ಇದೆ, ತಾಯಿಗೆ ಅದು ನೋಯುತ್ತದೆ.

ಹೋದ ವಾರ ಫೋನ್ ಮಾಡಿದ್ದರು. "ಬಳಿ ಇನ್ನೂ ಕಪಾಟಿನ್ಯಾಗ ಅದಾವ್ರೀ. ಆಕಿ ಬರಿಗೈಲೇ ಬಂದಿದ್ಲು. ಇಬ್ರೂ ಕೂಡಿ ಹೋಳಿಗಿ ಮಾಡಿದ್ವಿ."