ಗ್ರ್ಯಾಂಡ್ ಸ್ಲ್ಯಾಮ್ ಕಪ್ ನಿಂತದ್ದು ಹೇಗೆ?

ಜರ್ಮನಿಯ ಮ್ಯೂನಿಕ್‌ನಲ್ಲಿ ನಡೆಯುತ್ತಿದ್ದ ಟೆನಿಸ್ ಟೂರ್ನಿ ಗ್ರ್ಯಾಂಡ್ ಸ್ಲ್ಯಾಮ್ ಕಪ್ ಏಕೆ ನಿಂತುಹೋಯಿತು, ಅದು ಬರೀ ಹಣಕ್ಕಾಗಿ ನಡೆದ ಪ್ರದರ್ಶನ ಟೂರ್ನಿಯೇ ಎಂದು ನೀವು ಕೇಳಿದ್ದೀರಿ. ಆಟಗಾರರ ಸಂಘವಾದ ಎಟಿಪಿ 1990ರಲ್ಲಿ ತನ್ನದೇ ಟೂರ್ (ವರ್ಷವಿಡೀ ನಡೆಯುವ ಟೂರ್ನಿಗಳ ಸರಣಿ) ಆರಂಭಿಸಿ, ವರ್ಷಾಂತ್ಯದ ಟೂರ್ನಿಯನ್ನು ಫ್ರಾಂಕ್‌ಫರ್ಟ್‌ನಲ್ಲಿ ನಡೆಸತೊಡಗಿದಾಗ, ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಅದೇ ವರ್ಷ ಟೆನಿಸ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಾದ ಗ್ರ್ಯಾಂಡ್ ಸ್ಲ್ಯಾಮ್‌ಗಳಲ್ಲಿ ಅತ್ಯುತ್ತಮ ಸಾಧನೆ ತೋರಿದ 16 ಮಂದಿಯನ್ನು ಆಹ್ವಾನಿಸಿ, ಮ್ಯೂನಿಕ್‌ನ ಒಲಿಂಪಿಯಾಹಾಲೆ ಕ್ರೀಡಾಂಗಣದಲ್ಲಿ ಈ ಒಳಾಂಗಣ ಟೂರ್ನಿಯನ್ನು ಹುಟ್ಟುಹಾಕಿತು. ರ‍್ಯಾಂಕಿಂಗ್ ಅಂಕಗಳಿರಲಿಲ್ಲ; ಆದರೆ ಮೊದಲ ಚಾಂಪಿಯನ್ ಪೀಟ್ ಸಾಂಪ್ರಸ್ ಅವರಿಗೆ ದೊರೆತದ್ದು 20 ಲಕ್ಷ ಡಾಲರ್, ಅಂದಿನ ಮಟ್ಟಿಗೆ ಬೆರಗು ಹುಟ್ಟಿಸುವ ಮೊತ್ತ.

ಹಾಗೆಂದು ಅದನ್ನು ಪ್ರದರ್ಶನ ಟೂರ್ನಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. 1993ರಲ್ಲಿ ಪೀಟರ್ ಕೊರ್ಡಾ ಸೆಮಿಫೈನಲ್‌ನ ಐದನೇ ಸೆಟ್ಟನ್ನು ಸಾಂಪ್ರಸ್ ವಿರುದ್ಧ 13–11ರಿಂದ ಗೆದ್ದು, ಫೈನಲ್‌ನಲ್ಲಿ ಜರ್ಮನಿಯವರೇ ಆದ ಮೈಕೆಲ್ ಸ್ಟಿಕ್ ಅವರನ್ನು ಮತ್ತೆ ಐದನೇ ಸೆಟ್‌ನಲ್ಲಿ 11–9ರಿಂದ ಮಣಿಸಿದರು. ಛಲವಿಲ್ಲದೆ ಯಾರೂ ಹಾಗೆ ಆಡಲಾರರು. 1998ರಲ್ಲಿ ಮಹಿಳಾ ವಿಭಾಗವೂ ಸೇರಿತು. ವೀನಸ್ ಮತ್ತು ಮರುವರ್ಷ ಸೆರೆನಾ ವಿಲಿಯಮ್ಸ್ ಗೆದ್ದರು.

1999ರ ಟೂರ್ನಿಯೇ ಕೊನೆಯದು. ಮರುವರ್ಷ ಎಟಿಪಿ, ಫೆಡರೇಷನ್ ಮತ್ತು ಗ್ರ್ಯಾಂಡ್ ಸ್ಲ್ಯಾಮ್‌ಗಳು ಕೈಜೋಡಿಸಿದ್ದರಿಂದ ಎರಡೂ ವರ್ಷಾಂತ್ಯದ ಟೂರ್ನಿಗಳ ಬದಲಿಗೆ ಟೆನಿಸ್ ಮಾಸ್ಟರ್ಸ್ ಕಪ್ ಲಿಸ್ಬನ್‌ನಲ್ಲಿ ಆರಂಭವಾಯಿತು.